ರಾಗ ಎಳೆಯುವವಳು

ಚಿಕ್ಕಂದಿನಿಂದಲೂ ಮನೆಯಲ್ಲಿ ಅವಳಿಗೆ ‘ರಾಗ’ ಎಂದೇ ಹೆಸರು. ಸೊಳ್ಳೆ ಕಚ್ಚಿದರೂ ಬೀದಿಗೆಲ್ಲ ಕೇಳುವಂತೆ ರಾಗ ಎಳೆಯುತ್ತಿದ್ದಳು. ಹೆಸರಿಟ್ಟವಳು ಅಕ್ಕ. ಆ ಅಕ್ಕ ಈಗ ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಬುಧವಾರ ಬುಧವಾರ ಬಸುರಿಯರನ್ನು ಕೂರಿಸಿಕೊಂಡು ತಿಳಿಹೇಳುವ ಕೆಲಸವೂ ಅವಳದೇ.

ಆ ಬುಧವಾರವೂ ಹೇಳಿದ್ದಳು: “ದಿನ ತುಂಬೋಕೆ ಮುಂಚೆ ಹೊಟ್ಟೆ ಬಿಗಿದು ಬಿಗಿದು ಸಡಿಲ ಆಗ್ತಿದ್ರೆ, ಸೊಂಟ ಹಿಡಿದ್ರೆ, ಕೆಳಗೆ ಭಾರ ಜಗ್ಗಿದ ಹಾಗಾದ್ರೆ, ನೀರು ಹೋದ್ರೆ, ಕಾಯಬೇಡಿ. ಏನೂ ಇಲ್ದೆ ಬಂದ್ರೂ ಇಲ್ಲಿ ಯಾರೂ ಬೈಯಲ್ಲ.”

ಹೊರಗೆ ಬರುವಷ್ಟರಲ್ಲಿ ತಂಗಿಯ ಫೋನು. ಅವಳಿಗೆ ಚಪ್ಪಲಿ ಅಂಗಡಿಯಲ್ಲಿ ಕೆಲಸ. ಏಳನೇ ತಿಂಗಳು ನಡೆಯುತ್ತಿತ್ತು.

“ಅಕ್ಕ, ಬೆಳಿಗ್ಗೆಯಿಂದ ಸೊಂಟ ಹಿಡೀತಿದೆ ಕಣೇ. ಹೊಟ್ಟೆ ಕಲ್ಲಿನ ಹಾಗಾಗತ್ತೆ, ಆಮೇಲೆ ಬಿಡತ್ತೆ.”

“ಶುರುವಾಯ್ತಾ ನಿನ್ನ ರಾಗ? ದಿನವಿಡೀ ಕುಕ್ಕರಗಾಲಲ್ಲಿ ಕೂತು ಜನರ ಕಾಲಿಗೆ ಶೂ ಹಾಕಿದ್ರೆ ಸೊಂಟ ನೋಯದೆ ಇನ್ನೇನು?”

“ಹತ್ತು ನಿಮಿಷಕ್ಕೊಂದ್ಸಲ ಬರ್ತಿದೆ. ಗಡಿಯಾರ ನೋಡಿದೀನಿ.”

“ಹೋದ ತಿಂಗಳೂ ಹೀಗೇ ಓಡಿ ಬಂದೆ. ನೋಡಿದ್ರೆ ಗ್ಯಾಸು. ವಾರ್ಡಿಗೆ ವಾರ್ಡೇ ನಕ್ಕಿತು. ನೀರು ಕುಡಿದು ಮಲಗು.”

“ಸರಿ ಬಿಡು,” ಎಂದಳು ತಂಗಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಶೂ ಡಬ್ಬಗಳ ಸಾಲಿನ ನಡುವೆ ರಟ್ಟು ಹಾಸಿಕೊಂಡು ಮಲಗಿದಳು. ಯಜಮಾನಿ ಎರಡು ಸಲ ಬಂದು ಇಣುಕಿದಳು. “ಆಸ್ಪತ್ರೆಗೆ ಹೋಗೋಣ್ವಾ?”

“ಬೇಡ. ನಮ್ಮಕ್ಕ ನರ್ಸು. ಏನೂ ಇಲ್ಲ ಅಂದಿದಾಳೆ.”

ನಾಲ್ಕು ಗಂಟೆಗೆ ರಟ್ಟು ಒದ್ದೆಯಾಯಿತು. ಯಜಮಾನಿ ಈ ಸಲ ಕೇಳಲಿಲ್ಲ, ಕಾರಿಗೆ ಹತ್ತಿಸಿಯೇಬಿಟ್ಟಳು.

ಹೆರಿಗೆ ಕೋಣೆಯ ಬಾಗಿಲಲ್ಲಿ ಅಕ್ಕನೇ ಇದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟವಳೇ ಡಾಕ್ಟರಮ್ಮನನ್ನು ಕೂಗಿದಳು.

“ಬೆಳಿಗ್ಗೆನೇ ಬಂದಿದ್ರೆ ನೋವನ್ನ ಒಂದೆರಡು ದಿನ ತಡೆದು, ಮಗುವಿನ ಶ್ವಾಸಕೋಶ ಬಲಿಯೋಕೆ ಇಂಜೆಕ್ಷನ್ ಕೊಡಬಹುದಿತ್ತು,” ಎಂದರು ಡಾಕ್ಟರಮ್ಮ. “ಯಾಕಮ್ಮ ಇಷ್ಟು ತಡ?”

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಕೇಸ್ ಶೀಟಿನಲ್ಲಿ ತನ್ನ ಕೈಯಾರೆ ‘ರೋಗಿ ತಡವಾಗಿ ಬಂದಿದ್ದಾರೆ’ ಎಂದು ಬರೆದಳು.

ಹೆಣ್ಣು ಮಗು. ಒಂದು ಕಿಲೋ ಕೂಡ ತೂಗಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮೂರು ದಿನ ಉಸಿರಾಡಿ ಹೋಯಿತು. ತಂಗಿ ಅಳಲಿಲ್ಲ. ಹೊಲಿಗೆ ಬಿಚ್ಚುವಾಗಲೂ ಉಸಿರೆತ್ತಲಿಲ್ಲ.

ಮನೆಗೆ ಕಳಿಸುವ ದಿನ ಅಕ್ಕ ಮಂಚದ ಅಂಚಿಗೆ ಕೂತಳು. “ನನಗೆ ಗೊತ್ತಾಗ್ಲಿಲ್ಲ ಕಣೇ.”

“ನಿಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು? ಬೇರೆ ಯಾರೇ ಫೋನ್ ಮಾಡಿದ್ರೂ ತಕ್ಷಣ ಬಾ ಅಂತಿದ್ದೆ.”

ಅಕ್ಕ ಎದ್ದು ತಂಗಿಯ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಅದಾಗಿ ಈಗ ನಾಲ್ಕು ತಿಂಗಳು. ಅಕ್ಕ ಭಾನುವಾರ ಫೋನು ಮಾಡುತ್ತಾಳೆ. ಎತ್ತುವವನು ತಂಗಿಯ ಗಂಡ. “ಮಲಗಿದಾಳೆ ಅತ್ತಿಗೆ,” ಎನ್ನುತ್ತಾನೆ. ಹಿಂದೆ ಅವಳು ಪಾತ್ರೆ ತೊಳೆಯುತ್ತಿರುವ ಸದ್ದು ಕೇಳುತ್ತಿರುತ್ತದೆ.