ಫೋನ್ ಎತ್ತದವರು

ಕಂಪನಿಗಳು ಹೊಸ ಸಾಮಾನು ಮಾರುಕಟ್ಟೆಗೆ ಬಿಡುವ ಮೊದಲು ಅದನ್ನು ಬಳಸಿ ನೋಡಲು ತಕ್ಕ ಜನರನ್ನು ಹುಡುಕಿ ತರುವುದು ಅವಳ ಕೆಲಸ. ಕಚೇರಿಯಲ್ಲಿ ಅವಳನ್ನು ಬಲೆಯಮ್ಮ ಎಂದೇ ಕರೆಯುತ್ತಿದ್ದರು. ಎಂಥವರು ಬೇಕೆಂದರೂ ಬಲೆ ಬೀಸಿ ತರುತ್ತಾಳೆ ಎಂಬ ಹೆಸರಿತ್ತು. ಅವಳೂ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಈ ಸಲ ಬೇಕಾಗಿದ್ದವರು ಶ್ರವಣಯಂತ್ರ ಕೊಂಡು ಮೂಲೆಗೆ ಹಾಕಿದವರು. ಯಾಕೆ ಹಾಕಿದರೆಂದು ತಿಳಿದರೆ ಹೊಸ ಮಾದರಿಯನ್ನು ತಿದ್ದಬಹುದಿತ್ತು. ಫೋನ್ ಮಾಡಿ ಕರೆಸಿ ಪರೀಕ್ಷಾ ಕೋಣೆಯ ಕುರ್ಚಿ ತುಂಬಿಸಿದಳು. ಬಂದವರೆಲ್ಲರ ಕಿವಿಯಲ್ಲೂ ಯಂತ್ರ!

"ಬಿಟ್ಟಿದ್ದೆ, ನಿಜ. ಈಗ ಮತ್ತೆ ಹಾಕ್ತೀನಿ. ಬಹಳ ಚೆನ್ನಾಗಿದೆ," ಎಂದು ಹೊಗಳಿದ್ದೇ ಹೊಗಳಿದ್ದು.

ಮ್ಯಾನೇಜರು ಮುಖ ಗಂಟಿಕ್ಕಿದರು. "ಬಲೆ ಹರಿದಿದೆ ಕಣಮ್ಮ. ನಾಳೆಯೂ ಹೀಗೇ ಆದ್ರೆ ನಿನ್ನ ಕೆಲಸ ಹೊರಗಿನ ಏಜೆನ್ಸಿಗೆ ಹೋಗತ್ತೆ."

"ಬಲೆ ಗಟ್ಟಿಯಾಗೇ ಇದೆ ಸರ್. ಬೀಸಿದ ಜಾಗ ತಪ್ಪು."

ಸರಿಯಾದ ಜಾಗ ಯಾವುದೆಂದು ಆಗಿನ್ನೂ ಅವಳಿಗೇ ಗೊತ್ತಿರಲಿಲ್ಲ.

ಬಸ್ಸಿನಿಂದ ಮನೆಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಮನೆ ಬಾಗಿಲು ತೆರೆದು ಅದೇ ನಂಬರನ್ನು ಮತ್ತೊಮ್ಮೆ ಒತ್ತಿದಳು. ಗಂಡನ ತಂದೆ ಪತ್ರಿಕೆಯಲ್ಲಿ ಮುಳುಗಿದ್ದರು. ಮೊಣಕೈ ಪಕ್ಕದಲ್ಲೇ ಫೋನು ಬಡಿದುಕೊಳ್ಳುತ್ತಿತ್ತು.

ಅವಳು ಹಣೆ ಚಚ್ಚಿಕೊಂಡಳು. ಕಿವಿ ಕೇಳದವರನ್ನು ಫೋನಿನಲ್ಲಿ ಹುಡುಕಿದ್ದಳು! ಎತ್ತಿದವರೆಲ್ಲ ಕೇಳಬಲ್ಲವರು. ಬೇಕಾದವರು ಎತ್ತಿಯೇ ಇರಲಿಲ್ಲ.

ಎದುರು ಕೂತು ನಿಧಾನವಾಗಿ ಹೇಳಿದರೆ ಮಾವನವರು ತುಟಿ ನೋಡಿಯೇ ತಿಳಿಯುತ್ತಿದ್ದರು. ವಿಷಯ ಕೇಳಿ ಹುರುಪಾದರು. "ನಾನೇ ಬರ್ಲೇನಮ್ಮ?"

"ಮನೆಯವರನ್ನ ಕೂರಿಸೋ ಹಾಗಿಲ್ಲ ಮಾವ. ನಿಮ್ಮ ಇಸ್ಪೀಟ್ ಗುಂಪಲ್ಲಿ ಯಾರ ಕಿವಿ ಮಂದ?"

"ಯಾರದು ಅಲ್ಲ ಅಂತ ಕೇಳು! ಅದಕ್ಕೇ ನಮ್ಮಲ್ಲಿ ಜಗಳ ಕಮ್ಮಿ."

ಬೆಳಿಗ್ಗೆ ಉದ್ಯಾನದ ಕಲ್ಲುಬೆಂಚಿನ ಬಳಿ ಹೋದಾಗ ಇಸ್ಪೀಟ್ ಎಲೆಗಳಿಗಿಂತ ಕೂಗೇ ಜೋರಾಗಿ ಬೀಳುತ್ತಿತ್ತು. ಒಬ್ಬೊಬ್ಬರ ಎದುರೂ ಕೂತು ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಯಂತ್ರ ಈಗ ಎಲ್ಲಿದೆ?"

"ಕಾಲುಚೀಲದ ಡ್ರಾಯರಲ್ಲಿ," ಎಂದರು ನಿವೃತ್ತ ಬಸ್ ಚಾಲಕರು. "ಯಾಕೆ, ಬೇಕಿತ್ತಾ?"

"ಯಂತ್ರ ಬೇಡ. ನೀವು ಬೇಕು."

"ಈ ವಯಸ್ಸಲ್ಲಾ!" ಎಂದರು. ಗುಂಪೆಲ್ಲ ಏನು, ಏನು ಎಂದು ಕೇಳಿ, ತಡವಾಗಿ ನಕ್ಕಿತು.

ಮಧ್ಯಾಹ್ನ ಗುಂಪು ಪರೀಕ್ಷೆಗೆ ಬಂತು. ಗಾಜಿನ ಆಚೆ ಚಾಲಕರು ಹೊಸ ಯಂತ್ರ ಹಾಕಿಕೊಂಡರು. ಎದುರು ಕೂತ ಯಂತ್ರದ ವಿನ್ಯಾಸಕಿ ಮಾತಾಡಿಸಿದಾಗ ತಲೆಯಾಡಿಸಿದರು. ಅಷ್ಟರಲ್ಲಿ ವಿನ್ಯಾಸಕಿ ತನ್ನ ಕುರ್ಚಿ ಎಳೆದಳು. ಚಾಲಕರು ಬೆಚ್ಚಿ ಯಂತ್ರವನ್ನು ಕಿತ್ತು ಮೇಜಿನ ಮೇಲಿಟ್ಟರು.

"ನಿನ್ನ ಮಾತು ಕೇಳ್ಸತ್ತೆ ತಾಯಿ. ಕುರ್ಚಿ ಅದಕ್ಕಿಂತ ಜೋರಾಗಿ ಕೇಳ್ಸತ್ತೆ. ಮನೇಲಿ ಕುರ್ಚಿ, ಪಾತ್ರೆಗಳೇ ಜಾಸ್ತಿ ಮಾತಾಡೋದು."

ಈಚೆ ಬಲೆಯಮ್ಮನ ಪಕ್ಕದಲ್ಲಿ ಮ್ಯಾನೇಜರು ಗಾಜಿಗೆ ಮೂಗು ತಾಗುವಷ್ಟು ಬಾಗಿದ್ದರು.

"ಇಂಥವರು ಇನ್ನೂ ಸಿಗ್ತಾರಾ?"

"ಧಾರಾಳವಾಗಿ. ಆದ್ರೆ ಏಜೆನ್ಸಿಯವರು ಫೋನ್ ಮಾಡ್ತಾರೆ ಸರ್." ಬಲೆಯಮ್ಮ ಬ್ಯಾಗನ್ನು ಹೆಗಲಿಗೇರಿಸಿದಳು. "ನಾನು ನಡ್ಕೊಂಡು ಹೋಗ್ತೀನಿ."

"ಹಾಗಾದ್ರೆ ಹೊರಡು. ಇನ್ನೂ ಯಾಕೆ ನಿಂತಿದ್ದೀಯ?"