ಏಪ್ರಿಲ್ ಚಾಟ್ನಿ

ದ್ರಾಕ್ಷಿ ಬಳ್ಳಿ ಸವರುವುದಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ. ಏಪ್ರಿಲ್‌ನದು ತಪ್ಪಿದರೆ ಮುಂದಿನ ಹಣ್ಣು ಕೈಬಿಟ್ಟು ಹೋದಂತೆಯೇ. ಅದಕ್ಕೇ ಅಣ್ಣ ಚಂದ್ರಹಾಸ ಕೋಲ್ಕತ್ತಾಗೆ ಕರೆದಾಗ, ಚಾಟ್ನಿಗೆ ಊರಲ್ಲಿರಬೇಕು ಎಂದಷ್ಟೇ ಹೇಳಿದ್ದೆ.

"ಇರ್ತಿಯವಾ. ನಾಕ್ ಮಂದಿಗೆ ವೈನ್ ರುಚಿ ತೋರ್ಸೂದು, ಹೊಳ್ಳಿ ಬರೂದು," ಎಂದಿದ್ದ. ಕತ್ತರಿಗೆ ಎಣ್ಣೆ ಹಚ್ಚಿಟ್ಟು ಹೊರಟಿದ್ದೆ.

ತಿಕೋಟದ ಹತ್ತಿರ ನಮ್ಮ ದ್ರಾಕ್ಷಿ ಪಡ, ಅಂದರೆ ತೋಟ, ಅದರ ಮಗ್ಗುಲಲ್ಲೇ ಚಿಕ್ಕ ವೈನರಿ. ಅಪ್ಪ ಹೋದ ಮೇಲೆ ಶಾಲೆ ಬಿಟ್ಟು ನಾನು ಪಡ ನೋಡಿಕೊಂಡೆ, ಅಣ್ಣ ವ್ಯಾಪಾರ ನೋಡಿಕೊಂಡ.

ಕೋಲ್ಕತ್ತಾಗೆ ಬಂದ ಮೇಲೆ ಅಣ್ಣ, ಬಂಗಾಳಿಗಳ ಹೊಸ ವರ್ಷ ಪೊಯ್ಲಾ ಬೈಶಾಖ ಮುಗಿಯಲಿ ಎಂದ. ಮುಗಿಯಿತು. ಇನ್ನೊಂದೇ ಪಾರ್ಟಿ ಎಂದ. ಕಸ್ಬಾ ಬಡಾವಣೆಯ ನಮ್ಮ ಬಾಡಿಗೆ ಮನೆಯ ತಾರಸಿಗೆ ಆ ಸಂಜೆ ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಹುಡುಗ ಹುಡುಗಿಯರು ಬಂದಿದ್ದರು. ಇಲ್ಲಿ ಬೆವರು ಒಣಗುವುದೇ ಇಲ್ಲ. ಕೆಂಪು ವೈನನ್ನೂ ಬಕೆಟ್ಟಿನ ಐಸ್‌ನಲ್ಲಿ ಇಡಬೇಕಾಗಿತ್ತು. ನಾನು ಕನ್ನಡದಲ್ಲಿ ಹೇಳುವುದು, ಅದನ್ನೇ ಅಣ್ಣ ಇಂಗ್ಲಿಷಿನಲ್ಲಿ ಹೇಳುವುದು ಎಂದು ಮಾತಾಗಿತ್ತು.

"ನಮ್ದು ಗರಸು ನೆಲ. ನೀರು ನಿಲ್ಲಂಗಿಲ್ಲ. ಹಣ್ಣು ಸಣ್ಣ, ಸಿಪ್ಪಿ ದಪ್ಪ. ಹಗಲು ಬಿಸಿಲು ಸಿಹಿ ಕೊಡ್ತದ, ಜನವರಿ ರಾತ್ರಿ ಥಂಡಿ ಹುಳಿ ಉಳಸ್ತದ."

ಅಣ್ಣ ಹೇಳಿದ. ಅವರು ಗ್ಲಾಸನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು.

"ಚಾಟ್ನಿ ಆದ್ರ ಹೊಸ ಚಿಗುರು ಬರ್ತದ. ಇನ್ನೆರಡು ಸಾಲು ಹಚ್ಚೂಣು ಅಂತ ಮಾಡೀನಿ," ಎಂದು ನಕ್ಕೆ.

ಅಣ್ಣ ಇದನ್ನು ಬಹಳ ಹೊತ್ತು ಹೇಳಿದ. ನನಗೆ ಇಂಗ್ಲಿಷ್ ಬಾರದು, ಆದರೆ ಮುಖ ನೋಡಲು ಬರುತ್ತದೆ. ಎಲ್ಲರ ಮುಖ ಬಾಡಿತು. ಒಬ್ಬಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಎಲ್ಲರೂ ಎದ್ದು ಬಾಟಲಿಗಳ ಪೆಟ್ಟಿಗೆಯತ್ತ ನಡೆದರು.

ಅವರಲ್ಲಿ ಕನ್ನಡ ಬರುತ್ತಿದ್ದ ಬೆಂಗಳೂರಿನ ಹುಡುಗಿ ನಿಹಾರಿಕಾ ಮಾತ್ರ ನನ್ನ ಬಳಿ ಬಂದಳು.

"ನೀವು ಹೊಸ ಸಾಲು ಅಂದ್ರಿ. ಅವರು, ಬಳ್ಳಿ ಎಲ್ಲಾ ಕಿತ್ತಾಯ್ತು, ಇದೇ ಕೊನೇ ವೈನ್ ಅಂದ್ರು. ಯಾವುದು ನಿಜ?"

ನೀರಿನ ಟ್ಯಾಂಕಿನ ಹಿಂದೆ ಅಣ್ಣನನ್ನು ನಿಲ್ಲಿಸಿದೆ. "ಪಡ ಕಿತ್ತಿಸೀಯೇನ್?"

"ಮೆಲ್ಲಕ ಮಾತಾಡು, ಮಂದಿ ಅದಾರ."

"ಹೌದೋ ಅಲ್ಲೋ?"

"ಹೋದ ವಾರ. ನೆಲ ಪ್ಲಾಟ್ ಮಾಡಾವ್ರಿಗೆ ಮಾರಿದೆ." ಬಾಟಲಿಯ ಮೇಲಿನ ಚೀಟಿಯನ್ನು ಉಗುರಿನಿಂದ ಒತ್ತುತ್ತಿದ್ದ. "ನೀ ಅಲ್ಲಿದ್ದಿದ್ರ ಬಳ್ಳಿ ತೆಕ್ಕಿ ಬಡಿದು ನಿಂದ್ರತಿದ್ದಿ. ಏ ಹುಚ್ಚಿ, ಅಳಬ್ಯಾಡ. ಇಲ್ಲೇ ಛಲೋ ವರಾ ನೋಡ್ತೀನಿ."

ನನ್ನನ್ನು ಕರೆದದ್ದು ವೈನ್ ಸುರಿಯಲಿಕ್ಕಲ್ಲ. ಕತ್ತರಿ ಹಿಡಿದು ಅಲ್ಲಿ ನಿಲ್ಲಬಾರದೆಂದು.

ಅಷ್ಟರಲ್ಲಿ ಆಫೀಸಿನಿಂದ ಇನ್ನೊಂದು ಗುಂಪು ಮೆಟ್ಟಿಲೇರಿ ಬಂತು. ಅಣ್ಣ ಚಮಚದಿಂದ ಗ್ಲಾಸಿಗೆ ಬಡಿದ. "ಹೇಳವಾ ಚಂಪಾ."

ಬಾಟಲಿಯ ಕುತ್ತಿಗೆ ಹಿಡಿದು ನಿಂತೆ. ಬಾಯಿ ತೆರೆಯಲಿಲ್ಲ. ಅಣ್ಣ ಸ್ವಲ್ಪ ಕಾದ. ಆಮೇಲೆ ಅವರತ್ತ ತಿರುಗಿ, ನಾನು ಹೇಳಿ ಮುಗಿಸಿದಂತೆ, ಇಂಗ್ಲಿಷಿನಲ್ಲಿ ಶುರು ಮಾಡಿದ. ಮುಖಗಳು ಮೊದಲಿನ ಹಾಗೆಯೇ ಬಾಡಿದವು. ಒಬ್ಬ ಹುಡುಗಿ ಒದ್ದೆಗಣ್ಣಲ್ಲಿ ಬಂದು ನನ್ನ ಕೈ ಅದುಮಿದಳು.

ಆಮೇಲೆ ಎರಡು ಬಾಟಲಿ ಕೊಂಡಳು.