ಇಪ್ಪತ್ತೊಂದು ಗಂಡಸರ ಎಂಜಲು

ಹನಿಯಣ್ಣ ಅನ್ನುವುದು ಲ್ಯಾಬಿನವರು ಇಟ್ಟ ಹೆಸರು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹನಿಯನ್ನು ಕೈ ನಡುಗದೆ ಕೊಳವೆಗೆ ಇಳಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಹನ್ನೊಂದು ವರ್ಷದಿಂದ ಅವನದು ಒಂದೇ ಕೆಲಸ. ಗಂಡಸರು ಹತ್ತಿಯ ಕಡ್ಡಿಯಿಂದ ಕೆನ್ನೆಯೊಳಗೆ ಉಜ್ಜಿ ಕಳಿಸಿದ ಎಂಜಲನ್ನು ತೆರೆದು ಯಂತ್ರಕ್ಕೆ ಉಣಿಸುವುದು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದುಬರುವ ಗಂಡು ಗೆರೆಯನ್ನು ಯಂತ್ರ ಓದಿ ಇಪ್ಪತ್ತಮೂರು ಅಂಕಿ ಹೇಳುತ್ತದೆ. ಒಬ್ಬನೇ ಮೂಲಪುರುಷನ ಸಂತಾನವಾದರೆ ಅಂಕಿಗಳೂ ಒಂದೇ. ಎಷ್ಟೋ ತಲೆಮಾರಿಗೊಮ್ಮೆ ಎಲ್ಲೋ ಒಂದು ಅಂಕಿ ಕಾಲು ಜಾರುತ್ತದೆ, ಹದಿನಾರು ಇದ್ದದ್ದು ಹದಿನೇಳಾಗುತ್ತದೆ. ಅಲ್ಲಿಂದ ಮುಂದೆ ಆ ಕವಲಿಗೆ ಅದೇ ಗುರುತು.

ಲ್ಯಾಬಿನಲ್ಲಿ ಕೆಲಸ ಮಾಡುವ ಗಂಡಸರೆಲ್ಲರ ಅಂಕಿಗಳನ್ನೂ ಗೋಡೆಯ ಮೇಲೆ ಅಂಟಿಸಿದ್ದರು. ಮರ್ಯಾದೆ ಮಾಡಲಿಕ್ಕಲ್ಲ, ಯಾರದಾದರೂ ಎಂಜಲು ಹಾರಿ ಮಾದರಿಗೆ ಬಿದ್ದು ಕಲಬೆರಕೆಯಾದರೆ ಆಸಾಮಿಯನ್ನು ಹಿಡಿಯಲಿಕ್ಕೆ. ಉಳಿದವರು ಆ ಪಟ್ಟಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹನಿಯಣ್ಣನಿಗೆ ಮಾತ್ರ ತನ್ನ ಇಪ್ಪತ್ತಮೂರು ಅಂಕಿ ಮಗ್ಗಿಯಂತೆ ಬಾಯಿಪಾಠ. ಅವನು ಅನಾಥಾಲಯದಲ್ಲಿ ಬೆಳೆದವನು. ಮೂವತ್ತಾರು ವರ್ಷದಲ್ಲಿ ಒಂದು ಜೀವವನ್ನೂ ಸಂಬಂಧ ಹಿಡಿದು ಕರೆದವನಲ್ಲ. ಪ್ರತಿ ಫಲಿತಾಂಶ ಬಂದಾಗಲೂ ಕಳ್ಳ ಬೆಕ್ಕಿನ ಹಾಗೆ ತನ್ನ ಅಂಕಿಗಳ ಜೊತೆ ಹೋಲಿಸಿ ನೋಡುತ್ತಿದ್ದ. ಸಾವಿರಾರು ಗಂಡಸರು ಬಂದುಹೋದರು, ಒಬ್ಬನೂ ಹತ್ತಿರ ಸುಳಿಯಲಿಲ್ಲ. ಆಸೆ ಮಾತ್ರ ಹೋಗಲಿಲ್ಲ.

ಆ ಸೋಮವಾರ ಒಂದು ದೊಡ್ಡ ಡಬ್ಬ ಬಂತು. ಒಂದೇ ಮನೆತನದ ಇಪ್ಪತ್ತೊಂದು ಗಂಡಸರ ಮಾದರಿ. ಕಳಿಸಿದವರು ನಿವೃತ್ತ ಸರ್ವೆಯರ್ ಒಬ್ಬರು. ತಮ್ಮ ಮೂಲಪುರುಷ ಒಬ್ಬ ದೋಣಿ ಕಟ್ಟುವವನೆಂದೂ, ಅವನ ಮೂವರು ಮಕ್ಕಳಲ್ಲಿ ಒಬ್ಬ ನದಿಯ ಮೇಲಕ್ಕೂ ಒಬ್ಬ ಕೆಳಕ್ಕೂ ಹೋಗಿ, ಮೂರನೆಯವನು ನೀರಿನ ಸಹವಾಸವೇ ಸಾಕೆಂದು ಬೆಟ್ಟ ಹತ್ತಿದನೆಂದೂ ಅವರ ನಂಬಿಕೆ. ಮೂರೂ ಕವಲು ಒಂದೇ ಎಂದು ರುಜುವಾತು ಮಾಡಿಕೊಡಿ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು.

ಮೊದಲ ಫಲಿತಾಂಶ ಸರ್ವೆಯರದೇ. ಲ್ಯಾಬಿನ ಮುಖ್ಯಸ್ಥೆ ಮೇಡಂ ಅದನ್ನು ಗೋಡೆಯ ಪಟ್ಟಿಯೊಂದಿಗೆ ತಾಳೆ ನೋಡಿ ಕನ್ನಡಕ ತೆಗೆದರು.

"ಹನಿಯಣ್ಣ, ಇದು ನಿನ್ನದು. ಇಪ್ಪತ್ತಮೂರಕ್ಕೆ ಇಪ್ಪತ್ತಮೂರು. ಇದರ ಮೇಲೆ ಸೀನಿದೆಯಾ?"

"ಇಲ್ಲ ಮೇಡಂ."

"ಕೆಮ್ಮಿದೆಯಾ?"

"ಇಲ್ಲ."

"ಹಾಡಿದೆಯಾ?"

ಹನಿಯಣ್ಣ ಚಾವಣಿ ನೋಡಿದ. ಕೆಲಸ ಮಾಡುತ್ತಾ ಹಾಡುವ ಚಟ ಅವನಿಗಿತ್ತು, ಅದೂ ಬಾಯಿ ತುಂಬಾ.

ಎರಡನೆಯ ಸಲ ಮುಖಕ್ಕೆ ಎರಡು ಮಾಸ್ಕ್ ಬಿಗಿದು ಕೆಲಸ ಮಾಡಿಸಿದರು. ಅದೇ ಫಲಿತಾಂಶ. ಮೂರನೆಯ ಸಲ ಮೇಡಂ ಅವನನ್ನು ಕಟ್ಟಡದಿಂದಲೇ ಹೊರಗಟ್ಟಿ, ಎದುರಿನ ಟೀ ಅಂಗಡಿಯಲ್ಲಿ ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಕೈ ಬೀಸಬೇಕೆಂದು ಅಪ್ಪಣೆ ಮಾಡಿ, ಇಪ್ಪತ್ತೊಂದು ಮಾದರಿಯನ್ನೂ ತಾವೇ ಮಾಡಿದರು. ಅವನು ಏಳು ಟೀ ಕುಡಿದು ಕೈ ಬೀಸಿದ್ದೇ ಬೀಸಿದ್ದು. ಸಂಜೆ ಒಳಗೆ ಬಂದರೆ ಮೇಡಂ ಕಾಗದ ಹಿಡಿದುಕೊಂಡು ಕಂಬದಂತೆ ನಿಂತಿದ್ದರು. ಏಳು ಜನರ ಅಂಕಿಗಳು ಅವನವೇ. ಉಳಿದ ಹದಿನಾಲ್ಕು ಜನರಲ್ಲಿ ಒಂದೇ ಒಂದು ವ್ಯತ್ಯಾಸ: ಅವನಿಗೆ ಹದಿನೇಳಿದ್ದ ಕಡೆ ಅವರಿಗೆ ಹದಿನಾರು.

"ಮೇಡಂ," ಎಂದ ಹನಿಯಣ್ಣ, "ನಾನು ಸೀನಿದ್ರೆ ಎಲ್ಲರಿಗೂ ಹದಿನೇಳೇ ಬರ್ಬೇಕಲ್ವಾ? ಹದಿನಾಲ್ಕು ಜನರಿಗೆ ಒಂದೊಂದು ಕಮ್ಮಿ ಮಾಡಿ ಹಂಚೋ ಅಷ್ಟು ಬುದ್ಧಿ ನನ್ನ ಎಂಜಲಿಗಿಲ್ಲ ಮೇಡಂ!"

ಮೇಡಂ ನಿಧಾನವಾಗಿ ತಲೆಯಾಡಿಸಿದರು. "ಕಲಬೆರಕೆ ಅಲ್ಲ ಕಣೋ. ಇವರು ನಿನ್ನೋರು."

ಆಮೇಲೆ ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನೀರಿನ ಕ್ಯಾನನ್ನು ತಬ್ಬಿಕೊಂಡ. ನೆಲ ಒರೆಸುವಾಕೆಯ ಕೈಯಿಂದ ಕೋಲು ಕಿತ್ತುಕೊಂಡು ಕಾರಿಡಾರ್ ಪೂರ್ತಿ ಕುಣಿದ. "ಇಪ್ಪತ್ತೊಂದು ಜನ! ಒಬ್ಬ ಸಿಕ್ಕಿದ್ರೆ ಸಾಕು ಅಂದ್ಕೊಂಡಿದ್ದೆ, ದೇವರು ಸಗಟು ವ್ಯಾಪಾರ ಮಾಡಿದ!" ಎಂದು ಕೂಗಿದ. ಆಕೆಗೆ ತಲೆಬುಡ ತಿಳಿಯದಿದ್ದರೂ ಜೊತೆಗೆ ಎರಡು ಹೆಜ್ಜೆ ಹಾಕಿದಳು.

ಅವರಿಗೆ ತಿಳಿಸಬಹುದೇ ಎಂಬ ಪ್ರಶ್ನೆಗೆ ಅರ್ಜಿಯಲ್ಲೇ ಉತ್ತರವಿತ್ತು. ಹೊಂದುವ ಅಪರಿಚಿತರು ಸಿಕ್ಕರೆ ಹೇಳಬೇಕೇ ಎಂದು ಕೇಳಿದ್ದ ಕಡೆ ಇಪ್ಪತ್ತೊಂದು ಜನವೂ ಹೌದು ಎಂದಿದ್ದರು. ಸರ್ವೆಯರ್ ಅಂತೂ "ಖಂಡಿತ! ಎಷ್ಟು ಜನ ಇದ್ದರೂ!" ಎಂದು ಅಂಚಿನಲ್ಲಿ ಬರೆದು ಎರಡು ಗೆರೆ ಎಳೆದಿದ್ದರು.

ಶನಿವಾರ ಬೆಳಗ್ಗೆ ವರದಿ ತೆಗೆದುಕೊಳ್ಳಲು ಇಡೀ ಮನೆತನ ದಂಡೆತ್ತಿ ಬಂತು. ಎಂಟು ಕುರ್ಚಿಯ ಕೋಣೆಯಲ್ಲಿ ಇಪ್ಪತ್ತೊಂದು ಗಂಡಸರು, ಅವರ ಹೆಂಡತಿಯರು, ಅಕ್ಕತಂಗಿಯರು. ಕೂರಲು ಜಾಗವಿಲ್ಲದವರು ಕಿಟಕಿ ಕಟ್ಟೆ ಹತ್ತಿದರು. ಸರ್ವೆಯರ್ ಮೇಜಿನಷ್ಟು ದೊಡ್ಡ ವಂಶಾವಳಿ ಹಾಸಿದರು. ಒಂಬತ್ತು ತಲೆಮಾರು, ಮೂರು ಬಣ್ಣದ ಶಾಯಿ, ಒಂದು ಗೆರೆಯೂ ಸೊಟ್ಟಗಿಲ್ಲ. ಹೊಸ ಅಂಗಿಗೆ ಗುಂಡಿ ತಪ್ಪಿಸಿ ಹಾಕಿಕೊಂಡ ಹನಿಯಣ್ಣ ಬಾಗಿಲ ಬಳಿ ನಿಂತಿದ್ದ.

"ನಿಮ್ಮ ಮೂರೂ ಕವಲು ಒಂದೇ," ಎಂದರು ಮೇಡಂ. ಕೋಣೆ ಹೋ ಎಂದಿತು. ಬೆಟ್ಟದವರು ನದಿಯವರನ್ನು ತಬ್ಬಿದರು.

"ಇನ್ನೊಂದು ವಿಷಯ. ನಿಮ್ಮವರೇ ಇನ್ನೊಬ್ಬರು ಇಲ್ಲೇ ಸಿಕ್ಕಿದ್ದಾರೆ." ಹನಿಯಣ್ಣನನ್ನು ಮುಂದೆ ತಳ್ಳಿದರು. ಕೋಣೆ ಇನ್ನೂ ಜೋರಾಗಿ ಹೋ ಎಂದಿತು. ಯಾರೋ ಬೆನ್ನು ಗುದ್ದಿದರು, ಯಾರೋ ಕೆನ್ನೆ ಹಿಂಡಿದರು. "ಯಾವ ಕವಲು? ನಮ್ಮದೇ ಇರ್ಬೇಕು, ನೋಡ್ರೀ ಮೂಗು!" ಎಂದು ಬೆಟ್ಟದವನೊಬ್ಬ ಕೂಗಿದ. ಹನಿಯಣ್ಣ ತೇಲುತ್ತಿದ್ದ.

ಮೇಡಂ ವರದಿ ತೆರೆದು ವಿವರಿಸಿದರು. ಹದಿನೇಳರ ಗುರುತು ಇರುವುದು ಸರ್ವೆಯರಿಗೆ, ಅವರ ಮೂವರು ತಮ್ಮಂದಿರಿಗೆ, ಈ ನಾಲ್ವರಿಗೆ ಹುಟ್ಟಿದ ಮೂವರು ಗಂಡುಮಕ್ಕಳಿಗೆ ಮಾತ್ರ. ಅಂದರೆ ಅಂಕಿ ಜಾರಿದ್ದು ಅಣ್ಣತಮ್ಮಂದಿರ ತಂದೆಯಲ್ಲಿ. ಆ ತಂದೆ ತೀರಿಕೊಂಡು ನಲವತ್ತೈದು ವರ್ಷ. ಹನಿಯಣ್ಣ ಹುಟ್ಟಿದಾಗ ಆ ಗಂಡುಮಕ್ಕಳಿಗೆ ಹಾಲುಹಲ್ಲೂ ಬಿದ್ದಿರಲಿಲ್ಲ.

"ಹಾಗಾದ್ರೆ..." ಎಂದರು ಸರ್ವೆಯರ ಹೆಂಡತಿ. ಅಷ್ಟೇ ಅಂದದ್ದು. ನಾಲ್ವರು ಹೆಂಡತಿಯರೂ ಒಟ್ಟಿಗೆ ನಾಲ್ವರು ಗಂಡಂದಿರ ಕಡೆ ತಿರುಗಿದರು.

"ನಾನು ಜೀವಮಾನದಲ್ಲಿ ಅಳತೆ ತಪ್ಪಿದವನಲ್ಲ!" ಎಂದರು ಸರ್ವೆಯರ್.

"ನಾನು ಬೆಳಗಿನ ಜಾವಕ್ಕೇ ಎದ್ದು ಬ್ರೆಡ್ ಬೇಯಿಸೋನು. ನನಗೆಲ್ಲಿ ಪುರುಸೊತ್ತು?" ಎಂದರು ಎರಡನೆಯವರು, ಬೇಕರಿಯವರು.

ಮೂರನೆಯವರು ಬಸ್ ಡ್ರೈವರ್. "ಊರೂರು ಸುತ್ತಿದೋರು ನೀವು," ಎಂದರು ಅವರ ಹೆಂಡತಿ.

"ಜೊತೇಲಿ ಕಂಡಕ್ಟರ್ ಇರ್ತಿದ್ದ, ಬೇಕಾದ್ರೆ ಅವನನ್ನೇ ಕೇಳು!"

"ಅವನು ಸತ್ತು ಹತ್ತು ವರ್ಷ ಆಯ್ತು."

"ಅದಕ್ಕೆ ನಾನೇನು ಮಾಡ್ಲಿ?"

ಕಿರಿಯವರು, ಪ್ರಿಂಟಿಂಗ್ ಪ್ರೆಸ್ಸಿನವರು, ಬೆರಳು ಮಡಿಚಿ ವರ್ಷ ಎಣಿಸತೊಡಗಿದರು. ಅದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು.

ಈ ಪರೀಕ್ಷೆ ಗೆರೆಯನ್ನು ಹೇಳುತ್ತದೆ, ನಾಲ್ವರಲ್ಲಿ ಅಪ್ಪ ಯಾರೆಂದು ಹೇಳುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಇದೆ ಎಂದು ಮೇಡಂ ಹೇಳಿದರೂ ಗದ್ದಲದಲ್ಲಿ ಯಾರಿಗೆ ಬೇಕು? ಇಷ್ಟೊತ್ತು ಬೆನ್ನು ಗುದ್ದಿದವರೆಲ್ಲ ಗೋಡೆಗೆ ಸರಿದರು. ಬೆಟ್ಟದವನು ಮೂಗಿನ ಮಾತು ಮತ್ತೆ ಎತ್ತಲಿಲ್ಲ. ಹನಿಯಣ್ಣನಿಗೆ ನಂಟು ಕೇಳಲು ಬಂದು ನಾಲ್ಕು ಮನೆಗೆ ಬೆಂಕಿ ಇಟ್ಟ ಹಾಗಾಯಿತಲ್ಲ ಅನ್ನಿಸಿ ನಾಚಿಕೆಯಾಯಿತು.

"ಮೇಡಂ, ಕಲಬೆರಕೆ ಅಂತಲೇ ಬರೆದ್ಬಿಡಿ," ಎಂದ. "ಕೆಲಸ ಮಾಡೋವಾಗ ನಾನು ಹಾಡ್ತಿದ್ದೆ. ನನ್ನದೇ ತಪ್ಪು." ಬಾಗಿಲ ಹಿಡಿಗೆ ಕೈ ಹಾಕಿದ.

ಆಗ ಮೂಲೆಯ ಕುರ್ಚಿಯಲ್ಲಿ ಯಾರೋ ನಗಲು ಶುರುಮಾಡಿದರು. ಮೊದಲು ಕಿಸಕ್ಕೆಂದು, ಆಮೇಲೆ ಹೊಟ್ಟೆ ಹಿಡಿದುಕೊಂಡು. ಅದು ನಾಲ್ವರ ಅಕ್ಕ, ಎಪ್ಪತ್ತೊಂದರಲ್ಲೂ ಟೇಲರಿಂಗ್ ಬಿಡದ ಹೆಂಗಸು. ಹೆಣ್ಣೆಂದು ಅವರ ಎಂಜಲನ್ನು ಯಾರೂ ಕೇಳಿರಲಿಲ್ಲ.

"ನಿಲ್ಲೋ ಅಲ್ಲೇ," ಎಂದು ಹನಿಯಣ್ಣನಿಗೆ ಹೇಳಿ ಸರ್ವೆಯರ ಕಡೆ ತಿರುಗಿದರು. "ಆ ಪಟದಲ್ಲಿ ನಾನೆಲ್ಲಿದ್ದೀನಿ?"

"ಅದು ಗಂಡು ಗೆರೆ ಪಟ, ಅಕ್ಕಾ. ಹೆಣ್ಣುಮಕ್ಕಳಲ್ಲಿ ಆ ಗೆರೆ ಇರಲ್ಲ, ಅದಕ್ಕೇ..."

"ಒಳ್ಳೇದೇ ಆಯ್ತು. ನಮ್ಮಪ್ಪನ ಐದು ಮಕ್ಕಳಲ್ಲಿ ಅನುಮಾನ ಇಲ್ಲದೋಳು ನಾನೊಬ್ಬಳೇ. ಮೇಡಂ, ಆ ಇನ್ನೊಂದು ಪರೀಕ್ಷೆ ಮಾಡಿ. ನಾಲ್ಕೂ ಜನ ಕೊಡ್ತಾರೆ. ಇವನನ್ನ ಹೆತ್ತವಳಿಗೆ ಇವರಲ್ಲಿ ಒಬ್ಬ ಉತ್ತರ ಹೇಳ್ಲೇಬೇಕು, ನಾನು ಬಿಡಲ್ಲ. ಅಲ್ಲೀತನಕ ಇವನು ಬಾಗಿಲಲ್ಲಿ ನಿಂತಿರ್ಬೇಕಾ?" ಸರ್ವೆಯರಿಗೆ ಬೆರಳು ತೋರಿಸಿದರು. "ಇವನು ನಿನ್ನ ಮಗ ಆದ್ರೆ ನನಗೇನಾಗ್ಬೇಕು?"

"ಸೋದರಳಿಯ."

"ಬೇಕರಿಯೋನ ಮಗ ಆದ್ರೆ?"

"ಸೋದರಳಿಯ."

"ಡ್ರೈವರನ ಮಗ ಆದ್ರೆ? ಪ್ರೆಸ್ಸಿನೋನ ಮಗ ಆದ್ರೆ?"

"ಸೋದರಳಿಯನೇ, ಅಕ್ಕಾ."

"ಮತ್ತೆ! ಗೊಂದಲ ಏನಿದ್ರೂ ನಿಮ್ಮದು. ನನಗೇನೂ ಇಲ್ಲ. ನನ್ನ ಹೆಸರು ಬರಿ. ಅದರ ಕೆಳಗೆ ಇವನ ಹೆಸರು ಬರಿ. ಅಪ್ಪನ ಜಾಗ ಖಾಲಿ ಬಿಡು, ಆಮೇಲೆ ತುಂಬುವಿಯಂತೆ."

ಸರ್ವೆಯರ್ ಪೆನ್ನಿನ ಮುಚ್ಚಳ ತೆಗೆದರು. ಒಂಬತ್ತು ತಲೆಮಾರಿನಲ್ಲಿ ಒಂದು ಹೆಣ್ಣಿನ ಹೆಸರೂ ಇಲ್ಲದ ಆ ಹಾಳೆಯಲ್ಲಿ ಅಕ್ಕನ ಹೆಸರನ್ನೂ ಅದರ ಕೆಳಗೆ ಹನಿಯಣ್ಣನ ಹೆಸರನ್ನೂ ಬರೆದರು. ಜಾಗ ಸಾಲದೆ ಅಕ್ಷರ ಸೊಟ್ಟಗಾಯಿತು. ಅಳಿಸುವ ಧೈರ್ಯ ಅವರಿಗಿರಲಿಲ್ಲ.

"ಏನಂತ ಕರೀತೀಯೋ ನನ್ನ?" ಎಂದು ಅಕ್ಕ ಹನಿಯಣ್ಣನನ್ನು ಕೇಳಿದರು.

"ಅತ್ತೆ," ಎಂದ. ತುಟಿಯಿಂದಾಚೆ ಬರಲಿಲ್ಲ.

"ಕೇಳಿಸ್ಲಿಲ್ಲ."

"ಅತ್ತೆ."

"ಇನ್ನೂ ಜೋರಾಗಿ. ಈ ನಾಲ್ವರ ಕಿವಿಗೂ ಬೀಳ್ಬೇಕು."

ಹನಿಯಣ್ಣ ಎದೆ ತುಂಬಾ ಉಸಿರೆಳೆದು, "ಅತ್ತೇ!" ಎಂದು ಕಿಟಕಿ ಗಾಜು ಗಡಗಡ ಅನ್ನುವಂತೆ ಕೂಗಿದ. ನಾಲ್ವರು ತಮ್ಮಂದಿರೂ ತಲೆ ತಗ್ಗಿಸಿದರು. ಅಕ್ಕ, ಅಡುಗೆಮನೆಯಿಂದ ಓಗೊಡುವವರ ಹಾಗೆ, "ಬಂದೆ ಕಣೋ, ಬಂದೆ," ಎನ್ನುತ್ತಾ ಮೊಣಕಾಲು ಹಿಡಿದುಕೊಂಡು ಎದ್ದು ಅವನ ಕಡೆ ನಡೆದರು.